ಸೇನಾನೆಲೆಗೆ ಹೊರಟ ಮಗಳ ಕೈಯಲ್ಲಿ ಯಾವ ಕಾಗದ ಇರಬೇಕು?

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಸೇನೆಯಲ್ಲಿರುವ ಭಾರತೀಯ ಮೂಲದ ಹುಡುಗನನ್ನು ಮದುವೆಯಾಗಿ, ಅಮೆರಿಕವನ್ನು ಒಮ್ಮೆಯೂ ನೋಡದೆ ಬೆಂಗಳೂರಿನಿಂದ ನೇರವಾಗಿ ಜರ್ಮನಿಯ ಸೇನಾನೆಲೆಗೆ ಬಂದಿಳಿಯುವ ಕನ್ನಡದ ಹೆಣ್ಣುಮಕ್ಕಳಿದ್ದಾರೆ. ‘ಮನೆ, ಆಸ್ಪತ್ರೆ, ಅಂಗಡಿ ಎಲ್ಲವನ್ನೂ ಸೇನೆಯೇ ನೋಡಿಕೊಳ್ಳುತ್ತದೆ’ ಎಂಬ ಮಾತು ಊರಿನಲ್ಲಿರುವ ತಂದೆತಾಯಿಗೆ ಧೈರ್ಯ ಕೊಡುತ್ತದೆ. ಅದು ಸುಳ್ಳಲ್ಲ. ಆದರೆ ನೋಡಿಕೊಳ್ಳುವುದೆಲ್ಲ ಅಳಿಯನ ಹೆಸರಿನಲ್ಲಿ, ಅಳಿಯನ ಸಹಿಯ ಮೇಲೆ. ಅಲ್ಲಿನ ಭಾಷೆಯಲ್ಲಿ ಅವನು ‘ಸ್ಪಾನ್ಸರ್’, ಮಗಳು ‘ಡಿಪೆಂಡೆಂಟ್’. ಅವನು ಬವೇರಿಯಾದ ಗ್ರಾಫೆನ್‌ವೋರ್‌ಗೋ ಹೋಹೆನ್‌ಫೆಲ್ಸ್‌ಗೋ ವಾರಗಟ್ಟಲೆ ತರಬೇತಿಗೆ ಹೋದನೆಂದರೆ, ಕಾಗದಪತ್ರ ಮುಗಿಸದ ಮನೆಯಲ್ಲಿ ಎಲ್ಲವೂ ನಿಂತುಹೋಗುತ್ತದೆ. ಮಗಳ ಸ್ವಂತ ಹೆಸರಿನ ಕಾಗದಗಳು ಹೊರಡುವ ಮುಂಚೆ ಮತ್ತು ತಲುಪಿದ ಮೊದಲ ತಿಂಗಳಲ್ಲೇ ಆಗಿಬಿಡಬೇಕು ಎಂದು ಒತ್ತಿ ಹೇಳುವುದಕ್ಕೇ ಈ ಪತ್ರ.

ಫ್ರಾಂಕ್‌ಫರ್ಟ್‌ನಿಂದ ಕಾರಿನಲ್ಲಿ ಒಂದು-ಒಂದೂವರೆ ಗಂಟೆ ದೂರದ ಕೈಸರ್ಸ್‌ಲೌಟರ್ನ್ ಸುತ್ತಮುತ್ತಲನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ರಾಮ್‌ಸ್ಟೈನ್ ವಾಯುನೆಲೆ, ಲಾಂಡ್‌ಸ್ಟೂಲ್ ಸೇನಾ ಆಸ್ಪತ್ರೆ, ಫೋಗಲ್‌ವೇ ವಸತಿ ಪ್ರದೇಶ ಎಲ್ಲ ಸೇರಿ ಇಲ್ಲಿ ಕುಟುಂಬದವರೂ ಒಳಗೊಂಡಂತೆ ಸುಮಾರು 50,000 ಅಮೆರಿಕನ್ನರಿದ್ದಾರೆ.

ಮೊದಲನೆಯದು ಹೆಸರು. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು, ಮದುವೆ ಪತ್ರದಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಕೊಡುವಾಗ ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಆಮೇಲೆ ಗುರುತಿನ ಚೀಟಿ, ಬ್ಯಾಂಕು, ಆಸ್ಪತ್ರೆ ಹೋದಲ್ಲೆಲ್ಲ ಇದೇ ಹೆಸರು ಬೆನ್ನು ಹತ್ತುತ್ತದೆ. ಆದ್ದರಿಂದ ಮದುವೆ ನೋಂದಣಿಗೂ ಮುಂಚೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಸರ್‌ನೇಮ್ ತುಂಬಿಸಿ, ಅದೇ ಅಕ್ಷರಗಳಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಲಗ್ನಪತ್ರಿಕೆ, ಛತ್ರದ ರಸೀದಿ, ಫೋಟೊ ಇವೆಲ್ಲ ಪೂರಕ ಮಾತ್ರ. ಜನನ ಪ್ರಮಾಣಪತ್ರ ಬರೀ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನೂ ಪ್ರಮಾಣೀಕರಿಸಿ ಇಟ್ಟುಕೊಳ್ಳಿ.

ಎರಡನೆಯದು ‘ಕಮಾಂಡ್ ಸ್ಪಾನ್ಸರ್‌ಶಿಪ್’. ಕುಟುಂಬ ಜೊತೆಗಿರಲು ಸೇನೆ ಅಧಿಕೃತವಾಗಿ ಕೊಡುವ ಒಪ್ಪಿಗೆ ಇದು. ಸಂಗಾತಿಯನ್ನು ಸರ್ಕಾರಿ ಖರ್ಚಿನಲ್ಲಿ ಕರೆತರಲು, ಕುಟುಂಬದ ದರದ ಭತ್ಯೆಗಳು ಸಿಗಲು ಇದು ಬೇಕೇಬೇಕು. ಜರ್ಮನಿಗೆ ಕುಟುಂಬ ಸಮೇತ ನಿಯೋಜನೆ ಸಾಮಾನ್ಯವಾಗಿ 36 ತಿಂಗಳು. ಅಳಿಯ ಆಗಲೇ ಅಲ್ಲಿದ್ದು ರಜೆಯಲ್ಲಿ ಬಂದು ಮದುವೆಯಾದರೆ, ಮಗಳು ತಲುಪಿದ ಮೇಲೆ ಅವನ ಅವಧಿ ಕನಿಷ್ಠ 12 ತಿಂಗಳಾದರೂ ಉಳಿದಿರಬೇಕು. ಮುಹೂರ್ತ ನೋಡುವಾಗ ಈ ಲೆಕ್ಕವನ್ನೂ ನೋಡಿ. ಸಂಗಾತಿಗೆ ವೈದ್ಯಕೀಯ ತಪಾಸಣೆಯ ಫಾರ್ಮ್‌ಗಳೂ ಇವೆ. ಹಳೆಯ ಕಾಯಿಲೆ ಮುಚ್ಚಿಟ್ಟರೆ, ಅಲ್ಲಿ ಆ ತಜ್ಞರಿಲ್ಲ ಎಂದು ಆಮೇಲೆ ತೊಂದರೆಯಾಗುವುದು ಮಗಳಿಗೇ.

ಅಮೆರಿಕದ ಪೌರರಾದ ಸಂಗಾತಿಗಳಿಗೆ ಕೊಡುವ ಶುಲ್ಕರಹಿತ ಪಾಸ್‌ಪೋರ್ಟ್ ಭಾರತೀಯ ಪೌರರಿಗೆ ಸಿಗದು. ಅಳಿಯನ ‘ಆರ್ಡರ್ಸ್’ (ಸೇನೆಯ ನಿಯೋಜನೆ ಆದೇಶ) ಪ್ರತಿ ಕೈಯಲ್ಲಿದೆ, ಅಷ್ಟೇ ಸಾಕು ಎಂದು ಟಿಕೆಟ್ ಮಾಡಿಸಬೇಡಿ. ಯಾವ ವೀಸಾ ಬೇಕೆಂದು ಬೆಂಗಳೂರಿನಲ್ಲೇ ಇರುವ ಜರ್ಮನ್ ದೂತಾವಾಸಕ್ಕೆ ಬರೆದು, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಜರ್ಮನಿಗೆ ಬಂದ ಕೂಡಲೇ ಪಾಸ್‌ಪೋರ್ಟಿಗೆ ‘ಸೋಫಾ’ (ಸ್ಟೇಟಸ್ ಆಫ್ ಫೋರ್ಸಸ್ ಅಗ್ರಿಮೆಂಟ್) ಪ್ರಮಾಣೀಕರಣ ಮಾಡಿಸಬೇಕು. 1951ರ ನೇಟೋ ಪಡೆಗಳ ಒಪ್ಪಂದದಡಿ ಮಗಳು ಅಲ್ಲಿ ಇರುವುದಕ್ಕೆ ಆಧಾರ ಅದೇ. ಈ ಒಪ್ಪಂದದವರು ಜರ್ಮನ್ ಪುರಸಭೆಯಲ್ಲಿ ವಿಳಾಸ ನೋಂದಾಯಿಸುವುದಿಲ್ಲ. ಇದರಿಂದ ಆಗುವ ಒಂದು ತೊಡಕನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ: ಭಾರತೀಯ ಪಾಸ್‌ಪೋರ್ಟ್ ನವೀಕರಿಸುವಾಗ ಆ ನೋಂದಣಿ ಪತ್ರವನ್ನು ಕೇಳುವುದುಂಟು. ಈ ಭಾಗ ಬರುವುದು ಫ್ರಾಂಕ್‌ಫರ್ಟ್‌ನ ಭಾರತೀಯ ಕಾನ್ಸುಲೇಟ್ ವ್ಯಾಪ್ತಿಗೆ. ಸೋಫಾ ಮೊಹರು, ಆರ್ಡರ್ಸ್, ಬಾಡಿಗೆ ಕರಾರು ಮೂರನ್ನೂ ಒಯ್ಯಿರಿ, ಹೋಗುವ ಮುಂಚೆ ಕೇಳಿಕೊಳ್ಳಿ. ಅವಧಿ ಮುಗಿಯಲು ಎರಡು ವರ್ಷವಷ್ಟೇ ಇರುವ ಪಾಸ್‌ಪೋರ್ಟಾದರೆ ಊರಿನಲ್ಲೇ ಹೊಸದು ಮಾಡಿಸಿಕೊಂಡು ಹೊರಡುವುದು ಮೇಲು.

ಎಲ್ಲಕ್ಕಿಂತ ದೊಡ್ಡ ಏಟು ಬೀಳುವುದು ಮೂರು ವರ್ಷದ ಕೊನೆಯಲ್ಲಿ. ಸೇನೆಯ ಗುರುತಿನ ಚೀಟಿ ಇದೆಯೆಂದ ಮಾತ್ರಕ್ಕೆ ಅಮೆರಿಕದೊಳಗೆ ಹೋಗಲಾಗದು. ಮುಂದಿನ ವರ್ಗಾವಣೆ ಟೆಕ್ಸಸ್‌ಗೆ ಎಂದು ಬಂದಾಗ, ಗ್ರೀನ್ ಕಾರ್ಡಿನ ಕೆಲಸ ಶುರುವೇ ಆಗಿರದ ಸಂಗಾತಿ ಹಿಂದೆ ಉಳಿಯುತ್ತಾಳೆ. ಅಳಿಯ ಅಮೆರಿಕದ ಪೌರನಾಗಿದ್ದರೆ, ಮದುವೆ ಪತ್ರ ಕೈಗೆ ಬಂದ ವಾರವೇ ಸಂಗಾತಿಯ ಗ್ರೀನ್ ಕಾರ್ಡಿಗೆ ಮೊದಲ ಹೆಜ್ಜೆಯಾದ ಐ-130 ಅರ್ಜಿ ಹಾಕಿಸಿ. ಜರ್ಮನಿಯಲ್ಲಿದ್ದರೆ ವಲಸೆ ವೀಸಾ ಸಂದರ್ಶನ ಫ್ರಾಂಕ್‌ಫರ್ಟ್‌ನ ಅಮೆರಿಕನ್ ಕಾನ್ಸುಲೇಟಿನಲ್ಲಿ. ಭಾರತದ ಪೊಲೀಸ್ ಪ್ರಮಾಣಪತ್ರವೂ ಬೇಕಾಗುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೆ, ಆರ್ಡರ್ಸ್ ಮೇಲೆ ಸೈನಿಕನ ಜೊತೆ ವಿದೇಶದಲ್ಲಿ ಕಳೆದ ದಿನಗಳನ್ನು ಅಮೆರಿಕದಲ್ಲೇ ಇದ್ದಂತೆ ಪೌರತ್ವಕ್ಕೆ ಲೆಕ್ಕ ಹಿಡಿಯಲು ಕಾನೂನಿನಲ್ಲಿ ಅವಕಾಶವಿದೆ. ಅದಕ್ಕೆ ಡಿಡಿ-1278 ಎಂಬ ಪ್ರಮಾಣಪತ್ರವನ್ನು ಸೇನೆಯಿಂದ ಪಡೆಯಬೇಕು.

ಇನ್ನು ಮೊದಲ ತಿಂಗಳು. ಸೈನಿಕರ ಮತ್ತು ಅವರ ಕುಟುಂಬದವರ ‘ಡೀರ್ಸ್’ ಎಂಬ ದಾಖಲೆಯಲ್ಲಿ ಮಗಳ ಹೆಸರು ಸೇರದಿದ್ದರೆ ಗುರುತಿನ ಚೀಟಿಯಿಲ್ಲ. ಚೀಟಿಯಿಲ್ಲದಿದ್ದರೆ ಗೇಟು, ಕಮಿಸರಿ ದಿನಸಿ ಅಂಗಡಿ, ಆಸ್ಪತ್ರೆ ಯಾವುದೂ ಇಲ್ಲ. ಅದರ ಫಾರ್ಮ್ 1172-2ಕ್ಕೆ ಸ್ಪಾನ್ಸರ್ ಸಹಿ ಬೇಕು, ಆದ್ದರಿಂದ ಅವನು ಊರಲ್ಲಿರುವಾಗಲೇ ಹೋಗಬೇಕು. ಆ ದಿನವೇ ಲೀಗಲ್ ಅಸಿಸ್ಟೆನ್ಸ್ ಕಚೇರಿಗೂ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಿ. ಶುಲ್ಕವಿಲ್ಲ. ಒಂದೇ ‘ಜನರಲ್’ ಪತ್ರದಲ್ಲಿ ಎಲ್ಲ ನಡೆಯುತ್ತದೆ ಎಂದುಕೊಂಡವರು ಕೌಂಟರಿನಿಂದ ವಾಪಸ್ ಬರುತ್ತಾರೆ. ಮನೆ ಕರಾರಿಗೆ ಒಂದು, ಕಾರಿಗೆ ಒಂದು, ಸಾಮಾನು ಬಿಡಿಸಿಕೊಳ್ಳಲು ಒಂದು ಎಂದು ‘ಸ್ಪೆಷಲ್’ ಪತ್ರಗಳೇ ಬೇಕು. ಅವಧಿ ಮುಗಿಯುವ ದಿನವನ್ನೂ ಗುರುತು ಹಾಕಿಡಿ.

ಹಡಗಿನಲ್ಲಿ ಬರುವ ಸಾಮಾನಿಗೆ ತಿಂಗಳುಗಳೇ ಹಿಡಿಯಬಹುದು. ಕುಟುಂಬವಿರುವ ಇ-5 (ಸಾರ್ಜೆಂಟ್ ಮಟ್ಟದ) ದರ್ಜೆಯವರಿಗೆ ತೂಕದ ಮಿತಿ 9,000 ಪೌಂಡ್, ಅಂದರೆ ಸುಮಾರು 4,080 ಕಿಲೊ. ಮುಂಚೆ ಬರುವ ಸಣ್ಣ ಕಂತಿನಲ್ಲಿ ಕುಕ್ಕರ್, ಒಗ್ಗರಣೆ ಡಬ್ಬಿ, ಹಾಸಿಗೆ ಬಟ್ಟೆ ಹಾಕಿ. ಸಾಮಾನು ಇಳಿಸುವ ದಿನ ಪಟ್ಟಿಯ ನಂಬರ್‌ಗಳನ್ನು ಒಂದೊಂದಾಗಿ ಟಿಕ್ ಮಾಡಿ. ಒಡೆದದ್ದು ಆಮೇಲೆ ಕಂಡರೆ ತಿಳಿಸಲು 180 ದಿನ, ಪೂರ್ತಿ ಬೆಲೆ ಕೇಳಿ ಕ್ಲೇಮ್ ಹಾಕಲು 9 ತಿಂಗಳು ಕಾಲಾವಕಾಶ.

ನೆಲೆಯ ಹೊರಗೆ ಜರ್ಮನ್ ಬಾಡಿಗೆ ಮನೆ ಹಿಡಿದರೆ, ಅಡುಗೆಮನೆಯಲ್ಲಿ ಕಟ್ಟೆ, ಒಲೆ, ಬೀರು, ಕೊನೆಗೆ ಬಲ್ಬಿನ ಹೋಲ್ಡರ್ ಕೂಡ ಇರದ ಮನೆಗಳು ಸಿಗುತ್ತವೆ. ವಾರ್ಡ್‌ರೋಬ್, ಫ್ರಿಜ್, ವಾಷಿಂಗ್ ಮೆಷಿನ್‌ಗಳನ್ನು ಹೌಸಿಂಗ್ ಕಚೇರಿಯ ಮೂಲಕ ಎರವಲು ಕೇಳಬಹುದು. ಮುಂಗಡ ಠೇವಣಿ ಮೂಲ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚಿರುವಂತಿಲ್ಲ, ಮೂರು ಕಂತುಗಳಲ್ಲಿ ಕೊಡಲು ಅಲ್ಲಿನ ಕಾನೂನೇ ಅವಕಾಶ ಕೊಟ್ಟಿದೆ. ಕೀಲಿ ಪಡೆಯುವ ದಿನ ವಿದ್ಯುತ್, ನೀರಿನ ಮೀಟರ್‌ಗಳ ಫೋಟೊ ತೆಗೆಯಿರಿ. ಎಣ್ಣೆಯಿಂದ ಬಿಸಿಯಾಗುವ ಮನೆಯಾದರೆ ತೊಟ್ಟಿಯ ಮಟ್ಟವನ್ನು ಹಸ್ತಾಂತರ ಪತ್ರದಲ್ಲಿ ಬರೆಸಿ, ಬಿಡುವಾಗ ಅಷ್ಟೇ ತುಂಬಿಸಿ ಕೊಡಬೇಕಾಗುತ್ತದೆ. ತಿಂಗಳ ಕರೆಂಟ್ ಕಂತು ಬರೀ ಅಂದಾಜು, ವರ್ಷದ ಕೊನೆಗೆ ವ್ಯತ್ಯಾಸದ ಬಿಲ್ಲು ಒಟ್ಟಿಗೆ ಬರುತ್ತದೆ. ಅದಕ್ಕೆ ದುಡ್ಡು ಎತ್ತಿಡಿ. ಚಳಿಗಾಲದಲ್ಲಿ ಅನ್ನ-ಸಾರಿನ ಆವಿ ಹೊರಹೋಗದಿದ್ದರೆ ಗೋಡೆಯ ಮೂಲೆಗೆ ಬೂಸ್ಟು ಹಿಡಿಯುತ್ತದೆ, ಮನೆ ಮಾಲೀಕರು ಠೇವಣಿಯಲ್ಲಿ ಮುರಿದುಕೊಳ್ಳುತ್ತಾರೆ. ಕಿಟಕಿಯನ್ನು ಓರೆಯಾಗಿ ದಿನವಿಡೀ ಇಡುವುದಲ್ಲ. ದಿನಕ್ಕೆ ಎರಡು ಮೂರು ಸಲ ಪೂರ್ತಿ ತೆರೆದು ಐದು-ಹತ್ತು ನಿಮಿಷ ಬಿಟ್ಟು ಮುಚ್ಚುವುದು ಸರಿಯಾದ ಕ್ರಮ. ಭಾನುವಾರ ಸದ್ದಾಗುವ ಕೆಲಸ, ಅಂದರೆ ಡ್ರಿಲ್ ಹೊಡೆಯುವುದು, ಗಾಜಿನ ಬಾಟಲಿಗಳನ್ನು ಸಂಗ್ರಹ ತೊಟ್ಟಿಗೆ ಹಾಕುವುದು ಬೇಡ.

ದೊಡ್ಡ ಖರೀದಿಗೆ 19% ವ್ಯಾಟ್ ಉಳಿಸಬಹುದು. ತೆರಿಗೆ ಸೇರಿ 1,190 ಯೂರೊ ಬೆಲೆಯ ಮಂಚಕ್ಕೆ 190 ಯೂರೊ ಉಳಿತಾಯ. ಆದರೆ ಎನ್ಎಫ್-1 ಎಂಬ ತೆರಿಗೆ ವಿನಾಯಿತಿ ಫಾರ್ಮನ್ನು ನೆಲೆಯ ವ್ಯಾಟ್ ಕಚೇರಿಯಲ್ಲಿ ಮೊದಲೇ ಕೊಂಡು, ಅಂಗಡಿಯವರು ಒಪ್ಪುತ್ತಾರೆಯೇ ಎಂದು ಕೇಳಿ, ಆಮೇಲೆ ಖರೀದಿಸಬೇಕು. ಖರೀದಿಯಾದ ಮೇಲೆ ಫಾರ್ಮ್ ತಂದರೆ ನಡೆಯದು. ವಿದ್ಯುತ್, ನೀರಿನ ಬಿಲ್ಲಿಗೆ ಇದಕ್ಕಾಗಿಯೇ ಬೇರೆ ನೋಂದಣಿ ಇದೆ.

ಅಡುಗೆಮನೆಯ ಯಂತ್ರಗಳ ವಿಷಯದಲ್ಲಿ ಊರಿನಿಂದ ಬರುವವರಿಗೆ ಅನುಕೂಲವೇ ಹೆಚ್ಚು. ಜರ್ಮನಿಯದು 230 ವೋಲ್ಟ್, 50 ಹರ್ಟ್ಸ್, ನಮ್ಮದೂ ಅದೇ. ಬೆಂಗಳೂರಿನಲ್ಲಿ ಕೊಂಡ ಮಿಕ್ಸಿ, ಗ್ರೈಂಡರ್ ಯಾವ ಟ್ರಾನ್ಸ್‌ಫಾರ್ಮರೂ ಇಲ್ಲದೆ ಓಡುತ್ತವೆ. ಅಮೆರಿಕದಲ್ಲಿ ಕೊಂಡ 110 ವೋಲ್ಟಿನವುಗಳಿಗೇ ಕಷ್ಟ. ಮಿಕ್ಸಿಯಾದರೆ ಅದರ ವ್ಯಾಟ್‌ನ ಎರಡರಷ್ಟು ಶಕ್ತಿಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅಂದರೆ 750 ವ್ಯಾಟಿಗೆ 1,500. ಮೋಟರ್ ಶುರುವಾಗುವ ಕ್ಷಣ ಎಳೆಯುವ ಕರೆಂಟು ಜಾಸ್ತಿ. ಆದರೆ ವೆಟ್ ಗ್ರೈಂಡರಿನ ಇಂಡಕ್ಷನ್ ಮೋಟರನ್ನು ಟ್ರಾನ್ಸ್‌ಫಾರ್ಮರ್ ಉಳಿಸಲಾರದು. ಅದು ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲ. ಕಲ್ಲು ಆರರಲ್ಲೊಂದು ಪಾಲು ನಿಧಾನವಾಗಿ ತಿರುಗುತ್ತದೆ, ಮೋಟರ್ ಬಿಸಿಯಾಗುತ್ತದೆ, ಉದ್ದಿನ ಹಿಟ್ಟು ಉಬ್ಬುವ ಮುಂಚೆ ಕಾಯಿಲ್ ಸುಟ್ಟ ವಾಸನೆ ಬರುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಗ್ಗದ ಅಡಾಪ್ಟರ್ ಹಾಕಿದರೆ ಅರ್ಥಿಂಗ್ ತಪ್ಪಿಹೋಗುತ್ತದೆ. ನೀರಿನ ಕೈಯಲ್ಲಿ ಮುಟ್ಟುವ ಸ್ಟೀಲ್ ಮೈಯ ಗ್ರೈಂಡರಿಗೆ ಅದು ಅಪಾಯ. ಎಲೆಕ್ಟ್ರಿಷಿಯನ್ ಕೈಲಿ ಜರ್ಮನಿಯ ‘ಶೂಕೊ’ ಪ್ಲಗ್ಗನ್ನೇ ಹಾಕಿಸಿ.

ಊರಿನಿಂದ ತುಪ್ಪ, ಪೇಡ, ಕರಿಬೇವು ಕಟ್ಟಿಕೊಡಬೇಡಿ. ಹಾಲಿನ ಪದಾರ್ಥ, ಮಾಂಸ ಐರೋಪ್ಯ ಒಕ್ಕೂಟಕ್ಕೆ ನಿಷಿದ್ಧ. 2019ರ ಡಿಸೆಂಬರ್ ನಂತರ ಹಸಿ ಸೊಪ್ಪು, ತರಕಾರಿ, ಗಿಡಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿಗೆ ವಿನಾಯಿತಿ ಇದೆ. ಸಾರಿನ ಪುಡಿ, ಹುಣಸೆಹಣ್ಣಿಗೆ ತೊಂದರೆಯಿಲ್ಲ. ಕಾಫಿ ಮಾತ್ರ ನೆಲೆಯ ಅಂಗಡಿಯಲ್ಲಿ ಮದ್ಯ, ತಂಬಾಕಿನಂತೆ ರೇಷನ್ ಕಾರ್ಡಿನ ಮೇಲೆ ಸಿಗುವ ಪದಾರ್ಥ, ಏಕೆಂದರೆ ಜರ್ಮನಿಯಲ್ಲಿ ಕಾಫಿಗೆ ಪ್ರತ್ಯೇಕ ತೆರಿಗೆ ಇದೆ. ಫ್ರಾಂಕ್‌ಫರ್ಟ್ ಕಡೆಯ ಕನ್ನಡ ಬಳಗದಲ್ಲಿ ಯಾರಾದರೂ ‘ನಮಗೂ ಒಂದಿಷ್ಟು ಅಲ್ಲಿಂದ ತಂದುಕೊಡಿ, ದುಡ್ಡು ಕೊಡುತ್ತೇವೆ’ ಎಂದು ಪ್ರೀತಿಯಿಂದ ಕೇಳಬಹುದು. ಒಪ್ಪಿಕೊಳ್ಳಬೇಡಿ. ತೆರಿಗೆಯಿಲ್ಲದ ಸಾಮಾನನ್ನು ಹೊರಗಿನವರಿಗೆ ಮಾರುವುದು ಕಸ್ಟಮ್ಸ್ ಅಪರಾಧ, ಕೇಸು ಅಳಿಯನ ಕೆಲಸಕ್ಕೇ ಸುತ್ತಿಕೊಳ್ಳುತ್ತದೆ.

ಕಾರು ಓಡಿಸಲು ಅಮೆರಿಕದ ಯಾವುದಾದರೂ ರಾಜ್ಯದ ಲೈಸೆನ್ಸ್ ಇರುವವರು ಸೇನೆಯ ಲಿಖಿತ ಪರೀಕ್ಷೆ ಬರೆದು ಅಲ್ಲಿನ ಲೈಸೆನ್ಸ್ ಪಡೆಯುತ್ತಾರೆ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು ಎಂಬ ನಿಯಮವನ್ನು ರಕ್ತಗತ ಮಾಡಿಕೊಳ್ಳಬೇಕು. ಹಳ್ಳಿಯ ಸಣ್ಣ ಸಂದಿಯಿಂದ ಬಂದವರಿಗೂ ಅದು ಅನ್ವಯ. ನಮ್ಮ ಆರ್‌ಟಿಒ ಲೈಸೆನ್ಸನ್ನೇ ನೆಚ್ಚಿಕೊಂಡು ಬಂದವರು ಜರ್ಮನ್ ಡ್ರೈವಿಂಗ್ ಸ್ಕೂಲಿಗೆ ಹೋಗಬೇಕಾಗಬಹುದು. ಸಾವಿರಾರು ಯೂರೊ, ಹಲವು ತಿಂಗಳು. ಅಲ್ಲಿಯವರೆಗೆ ‘ಡಾಯ್ಚ್‌ಲಾಂಡ್‌ಟಿಕೆಟ್’ ಮಾಡಿಸಿಕೊಳ್ಳಿ. 2023ರಲ್ಲಿ 49 ಯೂರೊಗೆ ಶುರುವಾಗಿ 2025ರಲ್ಲಿ 58 ಯೂರೊ ಆದ ಈ ತಿಂಗಳ ಪಾಸಿನಲ್ಲಿ ದೇಶದ ಎಲ್ಲ ಸ್ಥಳೀಯ ರೈಲು, ಬಸ್ಸು ಹತ್ತಬಹುದು. ಇದಕ್ಕೆ ಸಾಮಾನ್ಯವಾಗಿ ಯೂರೊ ಖಾತೆ ಬೇಕು. ಜಂಟಿ ಖಾತೆಯಲ್ಲಿ ಮಗಳ ಹೆಸರಿರಲಿ ಎಂದು ನಾವು ಹಟ ಹಿಡಿದು ಹೇಳುವುದಕ್ಕೆ ಇದೂ ಒಂದು ಕಾರಣ. ಭಾರತದ ಉಳಿತಾಯ ಖಾತೆಯನ್ನು ಅನಿವಾಸಿಗಳಿಗಾಗಿಯೇ ಇರುವ ಎನ್ಆರ್‌ಒ ಮಾಡಿಸಿ, ಒಟಿಪಿ ಬರುವ ಸಿಮ್‌ಗೆ ಹೊರಡುವ ಮುಂಚೆ ರೋಮಿಂಗ್ ಹಾಕಿಸಿ. ಬೆಂಗಳೂರಿನ ಕಂಪನಿಯ ಕೆಲಸವನ್ನು ಅಲ್ಲಿಂದ ಮುಂದುವರಿಸುವ ಆಸೆಯಿದ್ದರೆ ತೆರಿಗೆಯ ಪ್ರಶ್ನೆ ಏಳುತ್ತದೆ. ಮೊದಲು ಲೀಗಲ್ ಕಚೇರಿಯಲ್ಲಿ ಕೇಳಿ, ಆಮೇಲೆ ಲ್ಯಾಪ್‌ಟಾಪ್ ತೆರೆಯಿರಿ.

ಬಾಣಂತನಕ್ಕೋ ನೋಡಿಬರಲೋ ಹೊರಡುವ ಅಪ್ಪ-ಅಮ್ಮನಿಗೆ ಷೆಂಗೆನ್ ವೀಸಾ ಬೇಕು, 180 ದಿನಗಳಲ್ಲಿ 90 ದಿನ ಮಾತ್ರ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಮಗಳಿಗಿರುವ ಸೇನೆಯ ಆರೋಗ್ಯ ಸೌಲಭ್ಯ ಹೀಗೆ ಬಂದುಹೋಗುವವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಬಿಪಿ, ಸಕ್ಕರೆ ಇರುವವರು ಹಳೆಯ ಕಾಯಿಲೆಯನ್ನೂ ಒಳಗೊಳ್ಳುವ ವಿಮೆಯನ್ನೇ ಆರಿಸಿ. ವೀಸಾ ಅರ್ಜಿಗೆ ಮಗಳ ಪಾಸ್‌ಪೋರ್ಟ್, ಸೋಫಾ ಮೊಹರಿನ ಪ್ರತಿ ಕಳಿಸಲಿ. ಅಳಿಯನ ಸೇನಾ ಗುರುತಿನ ಚೀಟಿಯ ಫೋಟೊ ಕೇಳಬೇಡಿ, ಅದನ್ನು ಮನಬಂದಂತೆ ನಕಲು ಮಾಡುವುದು ಅಮೆರಿಕದ ಕಾನೂನಿನಲ್ಲಿ ತಪ್ಪು. ತುಕಡಿ ಯಾವತ್ತು ಎಲ್ಲಿಗೆ ಹೊರಡುತ್ತದೆ ಎಂಬುದನ್ನು ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ವಿಚಾರಿಸುವುದೂ ಬೇಡ.

ಕೊನೆಯದಾಗಿ ಒಸಿಐ, ಅಂದರೆ ವಿದೇಶಿ ಪೌರರಾದ ಭಾರತೀಯ ಮೂಲದವರು ವೀಸಾ ಇಲ್ಲದೆ ಬಂದುಹೋಗಲು ಭಾರತ ಕೊಡುವ ಕಾರ್ಡ್. ವಿದೇಶಿ ಸೇನೆಯಲ್ಲಿ ಸೇವೆಯಲ್ಲಿರುವವರಿಗಾಗಲಿ, ಅಲ್ಲಿಂದ ನಿವೃತ್ತರಾದವರಿಗಾಗಲಿ ಭಾರತ ಸರ್ಕಾರ ಒಸಿಐ ಕಾರ್ಡ್ ಕೊಡುವುದಿಲ್ಲ. ಅಮೆರಿಕದ ಪೌರನಾದ ಅಳಿಯ ಊರಿಗೆ ಬರಬೇಕಾದರೆ ವೀಸಾ ತೆಗೆದುಕೊಂಡೇ ಬರಬೇಕು, ಅದರ ಜೊತೆಗೆ ತನ್ನ ಸೇನೆಯ ರಜೆ, ಪ್ರಯಾಣದ ಅನುಮತಿಯನ್ನೂ ಪಡೆಯಬೇಕು. ಮನೆಯಲ್ಲಿ ಸಾವು-ನೋವಾದಾಗ ‘ಅಳಿಯ ಯಾಕೆ ಬರಲಿಲ್ಲ’ ಎಂಬ ಮಾತು ಏಳುವುದು ಇಂಥ ಕಡೆಯೇ. ಹಾಗಾಗಿ ಇದನ್ನು ಮದುವೆ ಮಾತುಕತೆಯಲ್ಲೇ ಎರಡೂ ಮನೆಯವರು ತಿಳಿದುಕೊಂಡಿರಲಿ.

ಇಂತಿ,
ಸೇನಾನೆಲೆಗಳ ಕನ್ನಡ ಕುಟುಂಬಗಳ ಪರವಾಗಿ,
ಕೈಸರ್ಸ್‌ಲೌಟರ್ನ್, ಜರ್ಮನಿ