ವರ್ಮಾಂಟಿನ ಹಳೆಯ ಮನೆಗಳನ್ನೂ ನೋಡಿ ಬನ್ನಿ

ಮಾನ್ಯ ಸಂಪಾದಕರೇ,

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಕಾರಣಕ್ಕೆ ಅಲ್ಲಿಗೆ ಹೋಗಿ ಐದಾರು ತಿಂಗಳು ಇದ್ದು ಬರುವ ಹಿರಿಯರು ಇಂದು ಕರ್ನಾಟಕದ ಊರೂರಿನಲ್ಲೂ ಇದ್ದಾರೆ. ಅವರು ಪತ್ರಿಕೆಗಳಿಗೆ ಬರೆಯುವ ಪ್ರವಾಸ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ನಯಾಗರಾ ಜಲಪಾತ, ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು, ವಾಷಿಂಗ್ಟನ್ನಿನ ಶ್ವೇತಭವನ ಇವುಗಳನ್ನು ದಾಟಿ ಆ ಲೇಖನಗಳು ಮುಂದೆ ಹೋಗುವುದು ಅಪರೂಪ. ಕಳೆದ ಬೇಸಿಗೆಯಲ್ಲಿ ಬಾಸ್ಟನ್ನಿನ ಮಗನ ಮನೆಯಲ್ಲಿದ್ದಾಗ ನಾನೂ ನನ್ನ ಪತ್ನಿಯೂ ಅವನೊಂದಿಗೆ ವರ್ಮಾಂಟ್ ರಾಜ್ಯದ ಹಳ್ಳಿಗಳಲ್ಲಿ ಐದು ದಿನ ತಿರುಗಿ, ಮ್ಯೂಸಿಯಂ ಆಗಿ ಉಳಿಸಿಕೊಂಡಿರುವ ಹಳೆಯ ಮನೆಗಳನ್ನು ನೋಡಿದೆವು. ಅಮೆರಿಕದ ಜನರ ಬದುಕು ಅಷ್ಟು ಹತ್ತಿರದಿಂದ ನನಗೆ ಬೇರೆಲ್ಲೂ ಕಾಣಲಿಲ್ಲ. ಆದ್ದರಿಂದ ಈ ಪತ್ರ.

ವರ್ಮಾಂಟಿನ ಒಟ್ಟು ಜನಸಂಖ್ಯೆ ಸುಮಾರು ಆರೂವರೆ ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಜನ ಹಳ್ಳಿಗಾಡಿನಲ್ಲೇ ಇದ್ದಾರೆ. ರಾಜಧಾನಿ ಮಾಂಟ್‌ಪೀಲಿಯರ್‌ನ ಜನಸಂಖ್ಯೆ ನಮ್ಮ ಒಂದು ಹೋಬಳಿ ಕೇಂದ್ರದಷ್ಟು. ರಸ್ತೆ ಬದಿಯ ದೊಡ್ಡ ಜಾಹೀರಾತು ಫಲಕಗಳನ್ನು 1968ರ ಕಾನೂನಿನಿಂದಲೇ ನಿಷೇಧಿಸಿರುವುದರಿಂದ ಕಣ್ಣಿಗೆ ಬೀಳುವುದೆಲ್ಲ ಗುಡ್ಡ, ಹುಲ್ಲುಗಾವಲು, ದನದ ಕೊಟ್ಟಿಗೆ ಮತ್ತು ಬಿಳಿಯ ಚರ್ಚಿನ ಗೋಪುರ ಮಾತ್ರ.

ಮೊದಲು ಸ್ಟ್ರಾಫರ್ಡ್ ಎಂಬ ಹಳ್ಳಿಯ ಗುಲಾಬಿ ಬಣ್ಣದ ಮನೆಯ ವಿಷಯ ಹೇಳಬೇಕು. ಅದು ಜಸ್ಟಿನ್ ಮೊರಿಲ್ ಅವರ ಮನೆ. 1810ರಲ್ಲಿ ಅದೇ ಊರಿನ ಕಮ್ಮಾರನ ಮಗನಾಗಿ ಹುಟ್ಟಿದ ಅವರು ಹರೆಯದಲ್ಲೇ ಶಾಲೆ ಬಿಟ್ಟು ಅಂಗಡಿಯೊಂದರಲ್ಲಿ ಗುಮಾಸ್ತರಾದರು. ವ್ಯಾಪಾರದಲ್ಲಿ ಮುಂದೆ ಬಂದು, ನಲವತ್ತು ತುಂಬುವ ಮೊದಲೇ ಅದರಿಂದ ನಿವೃತ್ತರಾಗಿ, ತಾವೇ ನಕ್ಷೆ ಹಾಕಿ ಈ ಹದಿನೇಳು ಕೋಣೆಗಳ ಮನೆಯನ್ನು ಕಟ್ಟಿಸಿದರು. ಕಾಲೇಜಿನ ಮೆಟ್ಟಿಲು ಹತ್ತದ ಈ ಮನುಷ್ಯ ಸಂಸತ್ತಿಗೆ ಹೋಗಿ, ರೈತರ ಮತ್ತು ಕುಶಲಕರ್ಮಿಗಳ ಮಕ್ಕಳಿಗೂ ಉನ್ನತ ಶಿಕ್ಷಣ ಸಿಗಬೇಕೆಂದು ಮಸೂದೆಯೊಂದನ್ನು ಮಂಡಿಸಿದರು. 1859ರಲ್ಲಿ ಅಧ್ಯಕ್ಷ ಬುಕ್ಯಾನನ್ ಅದನ್ನು ತಿರಸ್ಕರಿಸಿದರೂ ಮೊರಿಲ್ ಬಿಡಲಿಲ್ಲ. 1862ರ ಜುಲೈ 2ರಂದು ಲಿಂಕನ್ ಅವರ ಸಹಿಯೊಂದಿಗೆ ಅದು ಕಾಯ್ದೆಯಾಯಿತು. ರಾಜ್ಯಕ್ಕೆ ಸಂಸತ್ತಿನಲ್ಲಿ ಎಷ್ಟು ಸದಸ್ಯರಿದ್ದಾರೋ ಅವರಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ 30 ಸಾವಿರ ಎಕರೆ ಸರ್ಕಾರಿ ಭೂಮಿ ಕೊಡುವುದು, ಅದನ್ನು ಮಾರಿ ಬಂದ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜನ್ನು ನಡೆಸುವುದು ಆ ಕಾಯ್ದೆಯ ಸಾರ.

ನಾನು 1970ರ ದಶಕದಲ್ಲಿ ಹೆಬ್ಬಾಳದಲ್ಲಿ ಕೃಷಿ ಪದವಿ ಓದಿ, ಕೃಷಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ರೂಪುಗೊಂಡದ್ದು ಇದೇ ಅಮೆರಿಕನ್ ಮಾದರಿಯಲ್ಲಿ, ಅಲ್ಲಿನ ಟೆನೆಸ್ಸಿ ವಿಶ್ವವಿದ್ಯಾಲಯದ ನೆರವಿನಿಂದ. ಬೋಧನೆ, ಸಂಶೋಧನೆ, ವಿಸ್ತರಣೆ (ಅಂದರೆ ಹೊಸ ತಿಳಿವಳಿಕೆಯನ್ನು ರೈತರಿಗೆ ತಲುಪಿಸುವುದು) ಮೂರೂ ಒಂದೇ ಸೂರಿನಡಿ ಇರಬೇಕು ಎಂಬ ಮಾತನ್ನು ನಮ್ಮ ಮೇಷ್ಟ್ರುಗಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಆದರೆ ಅದರ ಬೇರು ಒಬ್ಬ ಕಮ್ಮಾರನ ಮಗನ ಮನೆಯಲ್ಲಿದೆ ಎಂಬುದು ನನಗೆ ಅಲ್ಲಿ ನಿಂತಾಗಲೇ ಮನಸ್ಸಿಗೆ ಇಳಿದದ್ದು. ಮನೆ ತೋರಿಸಿದ ವಯಸ್ಸಾದ ಹೆಂಗಸಿಗೆ ಇದನ್ನು ಹೇಳಿದಾಗ ಆಕೆ ನನ್ನನ್ನು ಮತ್ತೆ ಓದುವ ಕೋಣೆಗೆ ಕರೆದೊಯ್ದು, ಅವಸರವಿಲ್ಲದೆ ಇನ್ನೊಮ್ಮೆ ಎಲ್ಲವನ್ನೂ ವಿವರಿಸಿದರು. ಹೊರಡುವ ಮುನ್ನ ಅಲ್ಲಿನ ಪುಸ್ತಕದಲ್ಲಿ ಊರಿನ ಹೆಸರು ಕೇಳಿದ ಕಡೆ ಮಂಡ್ಯ ಎಂದು ಬರೆದು, ಪಕ್ಕದಲ್ಲಿ ಹೆಬ್ಬಾಳ ಎಂದೂ ಸೇರಿಸಿದೆ. ಆ ಕಾಯ್ದೆಯಡಿ ಹಂಚಿದ ಭೂಮಿ ಮೂಲನಿವಾಸಿಗಳಿಂದ ಒಪ್ಪಂದಗಳ ಮೂಲಕವೂ ಬಲವಂತದಿಂದಲೂ ಪಡೆದದ್ದು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ವರ್ಮಾಂಟಿನ ಮೂಲನಿವಾಸಿಗಳಾದ ಅಬೆನಾಕಿ ಜನರ ಪ್ರಸ್ತಾಪ ನಾವು ನೋಡಿದ ಮನೆಗಳಲ್ಲಿ ಇನ್ನೂ ಹೆಚ್ಚಾಗಿ ಇರಬೇಕಿತ್ತು ಎಂದು ನನಗನ್ನಿಸಿತು.

ಪ್ಲಿಮತ್ ನಾಚ್ ಎಂಬ ಇನ್ನೊಂದು ಹಳ್ಳಿ ಕ್ಯಾಲ್ವಿನ್ ಕೂಲಿಡ್ಜ್ ಹುಟ್ಟಿದ ಊರು. 1923ರ ಆಗಸ್ಟ್‌ನಲ್ಲಿ ಉಪಾಧ್ಯಕ್ಷರಾಗಿದ್ದ ಅವರು ರಜೆಯಲ್ಲಿ ತಂದೆಯ ಮನೆಗೆ ಬಂದಿದ್ದಾಗ, ಅಧ್ಯಕ್ಷ ಹಾರ್ಡಿಂಗ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. ಮನೆಯಲ್ಲಿ ಟೆಲಿಫೋನೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಸುದ್ದಿಯನ್ನು ಪಕ್ಕದ ಊರಿನಿಂದ ಕಾರಿನಲ್ಲಿ ತಂದು ಮುಟ್ಟಿಸಬೇಕಾಯಿತು. ಆಗಸ್ಟ್ 3ರ ನಸುಕಿನ 2 ಗಂಟೆ 47 ನಿಮಿಷಕ್ಕೆ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ಊರಿನ ನೋಟರಿಯಾಗಿದ್ದ ತಂದೆ ಮಗನಿಗೆ ಅಧ್ಯಕ್ಷ ಪದವಿಯ ಪ್ರಮಾಣ ವಚನ ಬೋಧಿಸಿದರು. ಆ ಕೋಣೆ ನಮ್ಮ ಹಳ್ಳಿಮನೆಯ ನಡುಮನೆಗಿಂತ ದೊಡ್ಡದೇನಲ್ಲ. ಒಂದು ಪುಟ್ಟ ಮೇಜು, ಅದರ ಮೇಲೆ ದೀಪ, ಪಕ್ಕದಲ್ಲಿ ಬೈಬಲ್. ಅಂದು ಹೇಗಿತ್ತೋ ಹಾಗೆಯೇ ಇದೆ. ನನ್ನ ಪತ್ನಿ ದೀಪದ ಗಾಜನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಸಂಜೆಯಾದರೆ ಅಂಥದೇ ಬುರುಡೆಯ ಮಸಿಯನ್ನು ಬೂದಿ ಹಾಕಿ ಉಜ್ಜಿ ತೆಗೆಯುವುದು ಚಿಕ್ಕಂದಿನಲ್ಲಿ ತನ್ನ ಪಾಲಿನ ಕೆಲಸವಾಗಿತ್ತು ಎಂದಳು. ಊರನ್ನೂ ಹಾಗೆಯೇ ಉಳಿಸಿದ್ದಾರೆ: ಅಂಗಡಿ, ಚರ್ಚು, ಕೂಲಿಡ್ಜ್ ಅವರ ತಂದೆಯೂ ಸೇರಿ 1890ರಲ್ಲಿ ಕಟ್ಟಿದ ಚೀಸ್ ತಯಾರಿಕಾ ಘಟಕ ಎಲ್ಲವೂ ಇವೆ. ಸ್ಮಶಾನದಲ್ಲಿ ಅಧ್ಯಕ್ಷರ ಸಮಾಧಿ ಊರವರ ಸಮಾಧಿಗಳ ಸಾಲಿನಲ್ಲೇ, ಒಂದು ಸಾದಾ ಕಲ್ಲಿನೊಂದಿಗೆ ಇದೆ.

ಆದರೆ ನನ್ನನ್ನು ಅತ್ಯಂತ ಆಳವಾಗಿ ಕಲಕಿದ್ದು ಫೆರಿಸ್‌ಬರ್ಗ್‌ನ ರೋಕ್‌ಬಿ ಎಂಬ ಮನೆ. ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ರಾಬಿನ್ಸನ್ ಕುಟುಂಬ 1793ರಿಂದ 1961ರವರೆಗೆ ನಾಲ್ಕು ತಲೆಮಾರು ಅಲ್ಲಿ ಬಾಳಿತು. ಮೆರಿನೋ ಕುರಿ ಸಾಕಿ ಅನುಕೂಲಸ್ಥರಾದ ಮನೆತನ. ಎರಡನೆಯ ತಲೆಮಾರಿನ ರೋಲೆಂಡ್ ಮತ್ತು ರೇಚಲ್ ದಂಪತಿ ಗುಲಾಮಗಿರಿಯನ್ನು ಪಾಪವೆಂದು ನಂಬಿ, ಗುಲಾಮರ ದುಡಿಮೆಯಿಂದ ಬಂದ ವಸ್ತುಗಳನ್ನು ಮನೆಗೆ ತರದಿರಲು ಯತ್ನಿಸಿದರು. ನಮ್ಮ ಅಜ್ಜಂದಿರು ವಿದೇಶಿ ಬಟ್ಟೆ ತೊರೆದದ್ದು ನೆನಪಾಯಿತು. ತಪ್ಪಿಸಿಕೊಂಡು ಬಂದ ಗುಲಾಮರಿಗೆ ಅವರು ಆಶ್ರಯ ಕೊಟ್ಟರು. ಇಂಥ ಮನೆ ಎಂದರೆ ಗುಪ್ತ ಕೋಣೆ, ನೆಲಮಾಳಿಗೆ, ಸುರಂಗ ಇದ್ದೇ ಇರುತ್ತವೆ ಎಂದು ಬಂದವರು ಎದುರು ನೋಡುತ್ತಾರೆ. ನಾನೂ ಹಾಗೆಯೇ ಕೇಳಿದೆ. ಇಲ್ಲಿ ಅಂಥದ್ದೇನೂ ಬೇಕಿರಲಿಲ್ಲ, ದಕ್ಷಿಣದಿಂದ ಇಷ್ಟು ದೂರ ಬಂದವರು ಹೊಲದಲ್ಲಿ ಎಲ್ಲರ ಕಣ್ಣೆದುರೇ ಕೂಲಿ ಪಡೆದು ದುಡಿಯುತ್ತಿದ್ದರು ಎಂದು ಮನೆ ತೋರಿಸುವವರು ನೇರವಾಗಿ ತಿಳಿಸಿದರು.

ಅದಕ್ಕೆ ಆಧಾರ ಮನೆಯವರು ಕಾಪಾಡಿಟ್ಟ ಪತ್ರಗಳು. ಜೆಸ್ಸಿ ಎಂಬಾತ ನಾರ್ತ್ ಕ್ಯಾರೊಲೈನಾದಿಂದ ತಪ್ಪಿಸಿಕೊಂಡು ಬಂದು ಇಲ್ಲಿ ದುಡಿಯುತ್ತಿದ್ದ. ತನ್ನ ಬಿಡುಗಡೆಯನ್ನು ಹಣ ಕೊಟ್ಟೇ ಪಡೆಯಬೇಕೆಂಬುದು ಅವನ ಆಸೆ. 1837ರಲ್ಲಿ ರೋಲೆಂಡ್ ಅವನ ಪರವಾಗಿ ಹಳೆಯ ಯಜಮಾನನಿಗೆ ಪತ್ರ ಬರೆದರು. ಆತ 300 ಡಾಲರ್ ಕೇಳಿದ. ಜೆಸ್ಸಿ ಕೂಡಿಟ್ಟದ್ದು 150 ಡಾಲರ್. ಒಬ್ಬ ಮನುಷ್ಯನಿಗೆ ಬೆಲೆ ಕಟ್ಟಿ ಪತ್ರ ವ್ಯವಹಾರದಲ್ಲಿ ಚೌಕಾಸಿ ನಡೆಸಿದ್ದನ್ನು ಆ ಮನೆಯಲ್ಲಿ ತಿಳಿದುಕೊಂಡ ಮೇಲೆ, ಪಠ್ಯಪುಸ್ತಕದಲ್ಲಿ ಓದಿದ ಗುಲಾಮಗಿರಿ ಬೇರೆಯದೇ ತೂಕ ಪಡೆಯಿತು.

ಉಳಿದವುಗಳಲ್ಲಿ, ಲಿಂಕನ್ ಅವರ ಮಗ ರಾಬರ್ಟ್ ಕಟ್ಟಿಸಿದ ಮ್ಯಾಂಚೆಸ್ಟರಿನ ಹಿಲ್ಡೀನ್ ಭವ್ಯವಾಗಿದೆ, ಅಷ್ಟೇ. ಡಮರ್‌ಸ್ಟನ್‌ನಲ್ಲಿ ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ ಕಟ್ಟಿಸಿದ ಮನೆಯ ಹೆಸರು ‘ನೌಲಾಖಾ’. ಮಧ್ಯಪ್ರದೇಶದ ಕಾಡಿನ ಮೋಗ್ಲಿಯ ಕಥೆಗಳನ್ನು ಅವರು ಬರೆದದ್ದು ವರ್ಮಾಂಟಿನ ಹಿಮದ ನಡುವೆ. ಅವರ ಸಾಮ್ರಾಜ್ಯಶಾಹಿ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೂ ಮನೆಯ ಹೆಸರು ಓದಿದಾಗ ಮೈ ಜುಮ್ಮೆಂದಿತು. ಅದನ್ನು ಈಗ ತಂಗುವವರಿಗೆ ಬಾಡಿಗೆಗೆ ಕೊಡುತ್ತಾರಾದ್ದರಿಂದ ಹೋದವರೆಲ್ಲ ಒಳಗೆ ನೋಡಲಾಗದು.

ನನ್ನ ವಿನಂತಿ ಎರಡು. ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಇಂಥ ಮನೆಗಳಿಗೂ ಜಾಗ ಕೊಡಿ. ಹೋಗಿ ಬಂದ ಹಿರಿಯರಿಂದ ಬರೆಸಿ. ಹಾಗೆಯೇ ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮೊರಿಲ್ ಅವರ ಕಥೆಯನ್ನು, ಆ ಭೂಮಿಯ ಕಥೆಯೊಂದಿಗೆ, ಒಂದು ತರಗತಿಯಲ್ಲಾದರೂ ಹೇಳಲಿ.

ಹೋಗಬೇಕೆನ್ನುವವರಿಗೆ ಒಂದು ಸೂಚನೆ. ಇವುಗಳಲ್ಲಿ ಬಹುಪಾಲು ಮನೆಗಳು ಮೇ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಮಾತ್ರ, ಅದೂ ವಾರದ ಕೆಲವೇ ದಿನ ತೆರೆದಿರುತ್ತವೆ. ಮೇಪಲ್ ಎಲೆಗಳ ಕೆಂಪು ನೋಡಲು ವರ್ಮಾಂಟಿಗೆ ಹೋಗುವವರು ಅಕ್ಟೋಬರ್ ಮೊದಲ ವಾರದಲ್ಲೇ ಹೊರಟರೆ ಎರಡೂ ಸಿಗುತ್ತವೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕೃಷಿ ಅಧಿಕಾರಿ, ಮಂಡ್ಯ