ಬರಾಂಜ್‌ನ ಎರೆ ಮಣ್ಣಿನ ಲೆಕ್ಕ ನಮಗೂ ಬೇಕು

ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ಬಂತೆಂದರೆ ನಮ್ಮ ಬಳ್ಳಾರಿ ಜಿಲ್ಲೆಯ ಕುಡಿತಿನಿಯ ವಿದ್ಯುತ್ ಕೇಂದ್ರದಲ್ಲಿ ಎಷ್ಟು ದಿನದ ಕಲ್ಲಿದ್ದಲು ಉಳಿದಿದೆ ಎಂದು ಪತ್ರಿಕೆಗಳು ಲೆಕ್ಕ ಹಾಕುತ್ತವೆ. ಹಾಕಲೇಬೇಕು, 1,700 ಮೆಗಾವಾಟ್‌ನ ಕೇಂದ್ರ ಅದು. ಆದರೆ ಆ ಕಲ್ಲಿದ್ದಲು ಅಗೆಯುವ ಊರಿನಲ್ಲಿ ಮಣ್ಣೆಷ್ಟು ಉಳಿದಿದೆ, ಬಾವಿಯಲ್ಲಿ ನೀರೆಷ್ಟಿದೆ ಎಂಬ ಲೆಕ್ಕ ನಮ್ಮ ಕಡೆ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ನಾನು ಬಳ್ಳಾರಿ ಜಿಲ್ಲೆಯವನು. ನೌಕರಿಯ ಬಹುಪಾಲನ್ನು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಓಪನ್‌ಕಾಸ್ಟ್ (ನೆಲವನ್ನು ಮೇಲಿನಿಂದಲೇ ತೆರೆದು ಅಗೆಯುವ) ಗಣಿಗಳಲ್ಲಿ ಸರ್ವೇಯರ್ ಆಗಿ ಕಳೆದೆ. ಅದೇ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ (ಹೌದು, ಅಲ್ಲೂ ಒಂದು ಭದ್ರಾವತಿ ಇದೆ) ಬರಾಂಜ್ ಗಣಿ ಇದೆ. ಅದು ಬೇರೆ ಯಾರದ್ದೂ ಅಲ್ಲ, ಕುಡಿತಿನಿ ಕೇಂದ್ರ ನಡೆಸುವ ನಮ್ಮ ಕರ್ನಾಟಕ ವಿದ್ಯುತ್ ನಿಗಮದ್ದು. 2014ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಏಟಿಗೆ 204 ಕಲ್ಲಿದ್ದಲು ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿದಾಗ ಇದೂ ಹೋಯಿತು. 2015ರಲ್ಲಿ ಮತ್ತೆ ನಿಗಮಕ್ಕೇ ಸಿಕ್ಕಿತು. ಹಲವು ವರ್ಷ ನಿಂತಿದ್ದ ಕೆಲಸ ಆಮೇಲೆ ಶುರುವಾಯಿತು. ಅಂದರೆ ಮರಾಠಿ ರೈತರ ಹೊಲದಲ್ಲಿ ಅಗೆಯುತ್ತಿರುವುದು ಕನ್ನಡಿಗರ ಸರ್ಕಾರಿ ಕಂಪನಿ.

ಅಲ್ಲಿನ ಹೊಲಗಳೂ ನಮ್ಮ ಬಳ್ಳಾರಿ, ರಾಯಚೂರು ಕಡೆಯ ಹೊಲಗಳ ಹಾಗೇ ಎರೆ ಭೂಮಿ. ಹತ್ತಿ, ತೊಗರಿ, ಸೋಯಾ ಬೆಳೆಯುತ್ತಾರೆ. ಮೇಲೆ ಒಂದೆರಡು ಮೀಟರ್ ಎರೆ ಮಣ್ಣು, ಕೆಳಗೆ ಮರಳುಗಲ್ಲು, ಅದರಡಿ ಕಲ್ಲಿದ್ದಲು. ನಿಯಮದ ಪ್ರಕಾರ ಮೇಲ್ಮಣ್ಣನ್ನು ಮೊದಲೇ ಬೇರೆ ತೆಗೆದು ಬೇರೆ ಜಾಗದಲ್ಲಿ ಇಡಬೇಕು. ಕಲ್ಲುಮಣ್ಣನ್ನು, ಗಣಿಯವರ ಮಾತಿನಲ್ಲಿ ಓಬಿಯನ್ನು, ಖಾಲಿಯಾದ ಗುಂಡಿಗೆ ತುಂಬಿ ಮಟ್ಟ ಮಾಡಿ, ಅದರ ಮೇಲೆ ಈ ಮಣ್ಣು ಹಾಸಬೇಕು. ಹೇಳುವುದಕ್ಕೆ ಸುಲಭ. ನಾನು ಕೆಲಸ ಮಾಡಿದ ಒಂದು ಗಣಿಯಲ್ಲಿ (ಬರಾಂಜ್ ಅಲ್ಲ, ಹೆಸರು ಬೇಡ) ಉತ್ಪಾದನೆಯ ಒತ್ತಡ ಬಂದ ತಿಂಗಳು ಡಂಪರ್‌ಗಳು ಎರಡನ್ನೂ ಒಂದೇ ಕಡೆ ಸುರಿಯುತ್ತಿದ್ದವು. ತಿಂಗಳ ಕೊನೆಗೆ ರಾಶಿ ಅಳೆದು ಘನ ಮೀಟರ್ ಬರೆದು ಕೊಡುವುದು ನನ್ನ ಕೆಲಸ. ಅಂಕಿ ಎಷ್ಟು ಅಂತ ಕೇಳುತ್ತಿದ್ದರು. ಅದರಲ್ಲಿ ಮಣ್ಣೆಷ್ಟು, ಕಲ್ಲೆಷ್ಟು ಅಂತ ಒಬ್ಬರೂ ಕೇಳಲಿಲ್ಲ. ಬೇರೆ ಇಟ್ಟ ಮಣ್ಣಿನ ಗತಿಯೂ ಅಷ್ಟಕ್ಕಷ್ಟೆ. ಎತ್ತರದ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಮಣ್ಣಿಗೆ ಗಾಳಿ ಸಿಗದೆ ಅದರ ಜೀವವೇ ಹೋಗುತ್ತದೆ. ಆಮೇಲೆ ಹಾಸಿದರೂ ಹತ್ತಿ ಬರುವುದಿಲ್ಲ, ಜಾಲಿ ಬರುತ್ತದೆ. ಓಬಿ ಗುಡ್ಡದ ಮೇಲೆ ಸಾಲಾಗಿ ಅಕೇಶಿಯಾ ನೆಟ್ಟು ಫೋಟೊ ತೆಗೆದರೆ 'ಪುನಶ್ಚೇತನ' ಆಯಿತು ಅನ್ನುವವರಿದ್ದಾರೆ. ಆ ಗುಡ್ಡದ ಮೇಲೆ ಉಳುಮೆ ಮಾಡಿ ತೋರಿಸಲಿ ನೋಡೋಣ.

ನೀರಿನ ಕಥೆ ಇನ್ನೂ ವಿಚಿತ್ರ. ಗಣಿಯ ತಳ ಸುತ್ತಲಿನ ಬಾವಿಗಳಿಗಿಂತ ಎಷ್ಟೋ ಕೆಳಗೆ ಇರುತ್ತದೆ. ಹಾಗಾಗಿ ನೆಲದೊಳಗಿನ ನೀರು ಆ ಕಡೆಗೇ ಇಳಿಯುತ್ತದೆ. ಗಣಿ ಮುಳುಗಬಾರದು ಅಂತ ಪಂಪುಗಳು ಹಗಲೂ ರಾತ್ರಿ ಓಡುತ್ತವೆ. ಅದರಲ್ಲಿ ಒಂದಿಷ್ಟು ನೀರು ದೂಳು ಅಡಗಿಸಲು ಟ್ಯಾಂಕರಿನಲ್ಲಿ ಡಂಪರ್ ರಸ್ತೆಗೆ ಹೋಗುತ್ತದೆ, ಒಂದಿಷ್ಟು ಕ್ರಷರ್‌ಗೆ, ರೈಲ್ವೆ ಸೈಡಿಂಗ್‌ಗೆ. ಉಳಿದದ್ದು ಹಳ್ಳಕ್ಕೆ. ಚಂದ್ರಪುರದ ಮೇ ತಿಂಗಳು ಅಂದರೆ ಬಳ್ಳಾರಿಯ ಬಿಸಿಲೂ ತಂಪು ಅನ್ನಿಸಬೇಕು. ಅಂಥ ಬಿಸಿಲಲ್ಲಿ ಊರಿನ ಬಾವಿ ಒಣಗಿರುತ್ತಿತ್ತು, ಗಣಿ ಬಿಟ್ಟ ನೀರು ಮಾತ್ರ ಊರ ಪಕ್ಕದ ಹಳ್ಳದಲ್ಲಿ ಹರಿಯುತ್ತಿತ್ತು. ಹೂಳು ಇಳಿಸಿ, ಪರೀಕ್ಷೆ ಮಾಡಿಸಿ, ಅದನ್ನು ಹೊಲಕ್ಕಾದರೂ ಕೊಡಬಹುದಲ್ವಾ? ಕೊಡುವ ಗಣಿಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಪೈಪ್ ಎಲ್ಲಿಯವರೆಗೆ ಬಂತು ಅನ್ನುವುದು ಊರಿನವರಿಗೆ ಗೊತ್ತಿರುತ್ತದೆ, ವರದಿಗೆ ಗೊತ್ತಿರುವುದಿಲ್ಲ.

ಕೊನೆಗೆ ಉಳಿಯುವ ಗುಂಡಿಯ ವಿಷಯ. ಒಡೆದ ಕಲ್ಲು ಉಬ್ಬಿ ಮೊದಲಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಆದರೂ ಗುಂಡಿ ಪೂರ್ತಿ ಮುಚ್ಚುವುದಿಲ್ಲ. ಶುರುವಿನ ವರ್ಷಗಳ ಓಬಿಯೆಲ್ಲ ಹೊರಗೆ ಗುಡ್ಡವಾಗಿ ನಿಂತಿರುತ್ತದೆ, ಕಲ್ಲಿದ್ದಲು ರೈಲು ಹತ್ತಿ ನಮ್ಮ ಕಡೆ ಬಂದಿರುತ್ತದೆ. ಗುಂಡಿಗೆ ನೀರು ತುಂಬಿದರೆ 'ಕೆರೆ' ಅನ್ನುತ್ತಾರೆ. ಕೆರೆಗೆ ದನ ಇಳಿಯುತ್ತದೆ ಸ್ವಾಮಿ. ಕಡಿದಾದ ಬೆಂಚುಗಳಿರುವ (ಅಗೆಯುತ್ತ ಬಿಟ್ಟ ಮೆಟ್ಟಿಲುಗಳು) ಆ ಗುಂಡಿಗೆ ಇಳಿದ ದನ ಮೇಲೆ ಬರುವುದು ಕಷ್ಟ. ಅಂಚನ್ನು ಇಳಿಜಾರು ಮಾಡಿಸದೆ ಕೆರೆ ಎಂದು ಬರೆದುಕೊಳ್ಳಬಾರದು. ಕುಡಿತಿನಿಯಲ್ಲಿ ಕಲ್ಲಿದ್ದಲು ಉರಿಸಿ ಉಳಿದ ಹಾರುಬೂದಿಯನ್ನೇ ಅಲ್ಲಿಗೆ ತುಂಬಿಸಿ ಎಂದು ಪರಿಚಯದ ಎಂಜಿನಿಯರ್ ಒಬ್ಬರು ಹೇಳುತ್ತಾರೆ. 2021ರ ಹಾರುಬೂದಿ ಅಧಿಸೂಚನೆಯಲ್ಲಿ ಅದಕ್ಕೆ ಅವಕಾಶವೂ ಇದೆ. ಆದರೆ ಅಂತರ್ಜಲ ತಾಗುವ ಕಡೆ ಬೂದಿ ಸುರಿದರೆ ಅದರೊಳಗಿನ ಲೋಹಗಳು ನೀರಿಗಿಳಿಯುವ ಭಯ ಇದೆ. ನನಗಂತೂ ಒಪ್ಪಿಗೆಯಿಲ್ಲ.

ದುಡ್ಡಿಲ್ಲ ಎನ್ನುವಂತಿಲ್ಲ. ಗಣಿ ಮುಚ್ಚುವ ಖರ್ಚಿಗೆಂದೇ 2009ರ ಕೇಂದ್ರದ ಮಾರ್ಗಸೂಚಿ ಓಪನ್‌ಕಾಸ್ಟ್ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿಯಂತೆ ಎಸ್ಕ್ರೋ ಖಾತೆಯಲ್ಲಿ (ಬೇರೆ ಕೆಲಸಕ್ಕೆ ತೆಗೆಯಲಾಗದ ಮೀಸಲು ಖಾತೆ) ಇಡಲು ಹೇಳಿತ್ತು. ಅಗೆದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸುವುದನ್ನು ಗಣಿ ಗುತ್ತಿಗೆಯ ಷರತ್ತು ಮಾಡಿ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು.

ಬಳ್ಳಾರಿಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. 2011ರಲ್ಲಿ ಇಲ್ಲಿನ ಅದಿರು ಗಣಿಗಳನ್ನು ಕೋರ್ಟ್ ನಿಲ್ಲಿಸಿತು. ಒಂದೊಂದು ಗಣಿಗೂ ಪುನಶ್ಚೇತನ ಯೋಜನೆ ಬೇಕೇ ಬೇಕು ಎಂದಿತು. ಆಗ ಕೆಂಪು ದೂಳು ತಿಂದವರು ನಾವು. ಈಗ ಬರಾಂಜ್‌ನಲ್ಲಿ ಅಗೆಯುವ ಕಡೆ ನಿಂತಿದ್ದೇವೆ.

ಪರಿಸರ ಅನುಮತಿಯ ಷರತ್ತುಗಳನ್ನು ಪಾಲಿಸಿದ ಬಗ್ಗೆ ಗಣಿಗಳು ಆರು ತಿಂಗಳಿಗೊಮ್ಮೆ ವರದಿ ಕೊಡಲೇಬೇಕು. ಬರಾಂಜ್‌ನ ವರದಿಯನ್ನು ನಿಗಮ ಕನ್ನಡದಲ್ಲೂ ಮರಾಠಿಯಲ್ಲೂ ಹಾಕಲಿ. ಮೇಲ್ಮಣ್ಣು ಎಷ್ಟು ತೆಗೆದರು, ಎಲ್ಲಿ ಹಾಸಿದರು, ಸುತ್ತಲಿನ ಬಾವಿಗಳ ನೀರಿನ ಮಟ್ಟ ಮೇ ತಿಂಗಳಲ್ಲಿ ಎಷ್ಟಿತ್ತು, ಎಸ್ಕ್ರೋ ಖಾತೆಯಲ್ಲಿ ಎಷ್ಟು ಹಣವಿದೆ ಎಂಬುದು ಅದರಲ್ಲಿ ಇರಲಿ. ಮುಂದಿನ ಅಧಿವೇಶನದಲ್ಲಿ ನಮ್ಮ ಜಿಲ್ಲೆಯ ಶಾಸಕರು ಇಂಧನ ಸಚಿವರಿಗೆ ಈ ಪ್ರಶ್ನೆ ಹಾಕಲಿ. ಹಾಕದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ನಾನೇ ಬರೆಯುತ್ತೇನೆ. ಬಂದ ಉತ್ತರವನ್ನು ಇದೇ ಅಂಕಣಕ್ಕೆ ಕಳಿಸುತ್ತೇನೆ.

— ನಿವೃತ್ತ ಗಣಿ ಸರ್ವೇಯರ್, ಬಳ್ಳಾರಿ