ಪಾವತಿ ಸೇವೆಯ ಹಳೆಯ ಇಂಟರ್‌ಫೇಸ್ ಮುಚ್ಚಿತು: ಕೈಜೋಡಿಸಿದವರಿಗೆಲ್ಲ ಧನ್ಯವಾದ

ಪಾವತಿ ಸೇವೆಯ ಆರ್‌ಪಿಸಿ (ಒಂದು ಪ್ರೋಗ್ರಾಂ ಇನ್ನೊಂದು ಕಂಪ್ಯೂಟರಿನ ಪ್ರೋಗ್ರಾಂ ಅನ್ನು ಜಾಲದ ಮೂಲಕ ಕರೆಯುವ ವಿಧಾನ) ಇಂಟರ್‌ಫೇಸಿನ ಒಂದನೇ ಆವೃತ್ತಿಗೆ ಬರುತ್ತಿದ್ದ ಕರೆಗಳು ಪೂರ್ತಿ ನಿಂತಿವೆ. ಎಲ್ಲ ಕ್ಲೈಂಟ್‌ಗಳೂ (ಸೇವೆಯನ್ನು ಕರೆಯುವ ಪ್ರೋಗ್ರಾಂಗಳೂ) ಈಗ ಎರಡನೇ ಆವೃತ್ತಿಯಲ್ಲಿವೆ. ಸೇವೆಯನ್ನು ಒಮ್ಮೆಯೂ ನಿಲ್ಲಿಸದೆ ಇಷ್ಟು ದೊಡ್ಡ ಬದಲಾವಣೆ ಮುಗಿದಿದೆ ಎಂದರೆ ಅದರ ಹಿಂದೆ ಬಹಳ ಮಂದಿಯ ಶ್ರಮವಿದೆ. ಆ ಶ್ರಮ ಹೊರಗೆ ಕಾಣುವಂಥದ್ದಲ್ಲ. ಹಾಗಾಗಿ ಯಾರು ಏನು ಮಾಡಿದರು, ಅದರಿಂದ ಏನು ಉಳಿಯಿತು ಎಂಬುದನ್ನು ಬಿಡಿಸಿ ಹೇಳಿಯೇ ಕೃತಜ್ಞತೆ ಸಲ್ಲಿಸುತ್ತಿದ್ದೇವೆ.

ಮೊದಲ ನಮಸ್ಕಾರ ಸ್ಕೀಮಾವನ್ನು, ಅಂದರೆ ಸಂದೇಶದಲ್ಲಿ ಯಾವ ಯಾವ ಫೀಲ್ಡ್ (ಮಾಹಿತಿಯ ಅಂಕಣ) ಇರಬೇಕೆಂಬ ವಿವರಣೆಯನ್ನು, ಪರಿಶೀಲಿಸಿದವರಿಗೆ. ಹೊಸ ಇಂಟರ್‌ಫೇಸಿನ ಚರ್ಚೆ ಶುರುವಾದಾಗ ಬಂದ ಸಲಹೆ ಎಲ್ಲ ಕಡೆಯೂ ಬರುವಂಥದ್ದೇ: ಪ್ರೋಟೋಬಫ್‌ನ (ಸಂದೇಶಗಳನ್ನು ಬೈಟ್‌ಗಳಾಗಿ ಬರೆಯುವ ವ್ಯವಸ್ಥೆ) ಸ್ಟ್ರಕ್ಟ್ ಎಂಬ, ಯಾವ ಹೆಸರು-ಮೌಲ್ಯವನ್ನು ಬೇಕಾದರೂ ಹಾಕಬಹುದಾದ ಟೈಪ್ ಬಳಸೋಣ, ನಾಳೆ ಏನು ಬೇಕಾದರೂ ಸೇರಿಸಬಹುದು. ಪರಿಶೀಲಕರು ಬೇಡ ಎಂದರು, ಕಾರಣವನ್ನೂ ಕೊಟ್ಟರು. ಸ್ಟ್ರಕ್ಟ್‌ನಲ್ಲಿ ಸಂಖ್ಯೆಗಳೆಲ್ಲ ಡಬಲ್ (64 ಬಿಟ್‌ನ ದಶಮಾಂಶ ಸಂಖ್ಯೆಯ ರೂಪ) ಆಗಿ ಕೂರುತ್ತವೆ. 9007199254740992 ದಾಟಿದ ಪೂರ್ಣಾಂಕಗಳಲ್ಲಿ ಹಲವು ಡಬಲ್‌ನಲ್ಲಿ ನಿಖರವಾಗಿ ಉಳಿಯುವುದಿಲ್ಲ. 64 ಬಿಟ್‌ನ ವಹಿವಾಟು ಸಂಖ್ಯೆ ಅದರೊಳಗೆ ಹೋದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಬಹುದು. ಕೀ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಕಂಪೈಲರ್ ಬಾಯಿ ಬಿಡುವುದಿಲ್ಲ. ಹಾಗೆಂದು ಅವರು ಎಲ್ಲ ಬಾಗಿಲನ್ನೂ ಮುಚ್ಚಲಿಲ್ಲ. ಪಾಲುದಾರರ ಟಿಪ್ಪಣಿಗೆಂದು ಒಂದೇ ಒಂದು ಸ್ಟ್ರಿಂಗ್ ಮ್ಯಾಪ್ (ಹೆಸರು ಮತ್ತು ಅದರ ಪಠ್ಯದ ಜೋಡಿಗಳ ಪಟ್ಟಿ) ಬಿಟ್ಟರು. ಸರ್ವರ್ ಅದನ್ನು ಇಟ್ಟುಕೊಂಡು ಹಾಗೆಯೇ ಹಿಂತಿರುಗಿಸುತ್ತದೆ, ಅದರೊಳಗಿನದನ್ನು ನೋಡಿ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಈ ಗೆರೆ ಎಳೆದದ್ದೇ ಇಡೀ ವಿನ್ಯಾಸದ ಜೀವಾಳ ಎಂಬುದು ನಮ್ಮ ಅಭಿಪ್ರಾಯ. ಎಲ್ಲಿ ಸಡಿಲ ಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಉಳಿದ ಕಡೆ ಬಿಗಿಯಾಗಿರಲು ಧೈರ್ಯ ಬರುತ್ತದೆ.

ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಎಂಬ ಪಾವತಿ ಬಗೆಗಳಿಗೆ ಒನ್‌ಆಫ್ (ಹಲವು ಫೀಲ್ಡ್‌ಗಳಲ್ಲಿ ಒಂದನ್ನಷ್ಟೇ ತುಂಬಬಹುದಾದ ಗುಂಪು) ಬಳಸಿ, ಪ್ರತಿಯೊಂದಕ್ಕೂ ಬೇರೆ ಮೆಸೇಜ್ (ಫೀಲ್ಡ್‌ಗಳ ಕಟ್ಟು) ಕೊಟ್ಟದ್ದೂ ಅವರೇ. ಈಗ ಒಳಗೆ ಒಂದೇ ಫೀಲ್ಡ್ ಇದ್ದರೂ ಸರಿ, ಬರಿಯ ಸ್ಟ್ರಿಂಗ್ ಇಟ್ಟರೆ ನಾಳೆ ಪಕ್ಕದಲ್ಲಿ ಇನ್ನೊಂದನ್ನು ಇಡಲು ಜಾಗವಿರುವುದಿಲ್ಲ. ಒನ್‌ಆಫ್‌ನಲ್ಲಿ ಒಂದು ಅಪಾಯವೂ ಇದೆ. ಹೊಸ ಬಗೆ ಸೇರಿಸಿದಾಗ ಹಳೆಯ ಕ್ಲೈಂಟ್‌ಗೆ ಅದು ಗುರುತು ಸಿಗದ ಫೀಲ್ಡ್, ಒನ್‌ಆಫ್ ಖಾಲಿ ಇದ್ದಂತೆಯೇ ತೋರುತ್ತದೆ. ಕಳಿಸಿದವರು ಏನನ್ನೂ ತುಂಬಲಿಲ್ಲವೋ, ನಮಗೆ ಗೊತ್ತಿಲ್ಲದ್ದನ್ನು ತುಂಬಿದರೋ ಎಂದು ಹೇಳಲು ಬರುವುದಿಲ್ಲ. ಖಾಲಿ ಕಂಡರೆ ಯಾವುದೋ ಒಂದು ಬಗೆಯನ್ನು ಊಹಿಸದೆ ದೋಷ ಕೊಡಬೇಕು. ಎಲ್ಲ ಕ್ಲೈಂಟ್‌ಗಳಲ್ಲೂ ಈ ನಡತೆಯನ್ನು ಪರೀಕ್ಷೆ ಬರೆದು ಖಾತ್ರಿಪಡಿಸಿದ ಮೊಬೈಲ್ ತಂಡಕ್ಕೆ ವಿಶೇಷ ಧನ್ಯವಾದ.

ಎನಮ್‌ಗಳ (ಆಯ್ಕೆಗಳಿಗೆ ಸಂಖ್ಯೆ ಕೊಟ್ಟ ಪಟ್ಟಿಗಳ) ವಿಷಯದಲ್ಲೂ ಅದೇ ತಂಡದ ಋಣವಿದೆ. ಪ್ರೋಟೋಬಫ್ ಭಾಷೆಯ ಮೂರನೇ ಆವೃತ್ತಿಯಾದ ಪ್ರೋಟೋ 3ರಲ್ಲಿ ಎನಮ್ ತೆರೆದದ್ದು, ಗೊತ್ತಿಲ್ಲದ ಸಂಖ್ಯೆ ಬಂದರೂ ಉಳಿಯುತ್ತದೆ. ಆದರೆ ಜಾವಾದಲ್ಲಿ ಅದು 'ಅನ್‌ರೆಕಗ್ನೈಸ್ಡ್' ಎಂಬ ರೂಪದಲ್ಲಿ ಕೈಗೆ ಬರುತ್ತದೆ, ಅದರ ಮೇಲೆ ಸಂಖ್ಯೆ ಕೇಳುವ ಗೆಟ್‌ನಂಬರ್ ಕರೆದರೆ ಎಕ್ಸೆಪ್ಶನ್ (ಓಟವನ್ನು ತಡೆಯುವ ದೋಷ) ಬೀಳುತ್ತದೆ. ಮೂಲ ಸಂಖ್ಯೆ ಬೇಕಿದ್ದರೆ ಮೆಸೇಜಿನ ಮೇಲಿರುವ, ಹೆಸರಿನ ಕೊನೆಗೆ 'ವ್ಯಾಲ್ಯೂ' ಎಂದಿರುವ ಗೆಟರ್ (ಮೌಲ್ಯ ಓದಿಕೊಡುವ ಫಂಕ್ಷನ್) ಬಳಸಬೇಕು. ಇಂಥ ಜಾಗಗಳನ್ನೆಲ್ಲ ಹುಡುಕಿ ತಿದ್ದುವುದು ಬೇಸರ ತರುವ ಕೆಲಸ. ಶೂನ್ಯಕ್ಕೆ 'ನಿರ್ದಿಷ್ಟವಲ್ಲ' ಎಂಬ ಅರ್ಥ ಬಿಟ್ಟು ಬೇರೇನನ್ನೂ ಕೊಡಬಾರದೆಂಬ ಅವರ ಹಟವೂ ಸರಿಯಾದದ್ದೇ.

ನಾವು ಮುಖ ನೋಡದವರಿಗೂ ಕೃತಜ್ಞತೆ ಸಲ್ಲಬೇಕು. ಪ್ರೋಟೋ 3 ಬಂದ ಹೊಸತರಲ್ಲಿ ಸಾದಾ ಫೀಲ್ಡ್‌ಗಳಲ್ಲಿ ಶೂನ್ಯಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿರಲಿಲ್ಲ. ರಿಯಾಯಿತಿಯನ್ನು ಸೊನ್ನೆ ಮಾಡಿ ಎಂದರೋ, ರಿಯಾಯಿತಿ ಮುಟ್ಟಬೇಡಿ ಎಂದರೋ, ಸರ್ವರ್‌ಗೆ ತಿಳಿಯುವಂತಿರಲಿಲ್ಲ. ಆ ವ್ಯತ್ಯಾಸ ಉಳಿಸುವ 'ಆಪ್ಶನಲ್' ಎಂಬ ಗುರುತು 2020ರಲ್ಲಿ ಪ್ರೋಟೋಬಫ್‌ನ 3.12ರಲ್ಲಿ ಪ್ರಯೋಗವಾಗಿ ಮರಳಿತು, 2021ರ 3.15ರಿಂದ ಸಹಜವಾಗಿ ಸಿಗುತ್ತಿದೆ. ಗುರುತು ಸಿಗದ ಫೀಲ್ಡ್‌ಗಳನ್ನು ಎಸೆಯದೆ ಉಳಿಸಿಕೊಳ್ಳುವ ಗುಣ 2017ರ 3.5ರಲ್ಲಿ ವಾಪಸಾಯಿತು. ಇವೆರಡಕ್ಕಾಗಿ ಪಟ್ಟುಹಿಡಿದು ವಾದಿಸಿದ ಸಮುದಾಯದ ಬಲದ ಮೇಲೆಯೇ ನಮ್ಮ ಕೆಲಸ ನಿಂತಿದೆ. ಇನ್ನೂ ಹಿಂದೆ ಹೋದರೆ, ಪ್ರತಿ ಕರೆಯಲ್ಲೂ ಪ್ರೋಗ್ರಾಂ, ಆವೃತ್ತಿ, ಪ್ರೊಸೀಜರ್ ಎಂಬ ಮೂರು ಸಂಖ್ಯೆ ಇಟ್ಟ, ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಸನ್ ಆರ್‌ಪಿಸಿಯವರು 1980ರ ದಶಕದಲ್ಲೇ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ನಡೆಸುವ ದಾರಿ ತೋರಿಸಿದ್ದರು.

ಗುರುತು ಸಿಗದ ಫೀಲ್ಡ್ ಉಳಿಯುತ್ತದೆ ಎಂದು ನೆಚ್ಚಿ ಕೂರುವಂತೆಯೂ ಇಲ್ಲ. ನಡುವೆ ವಂಚನೆ ತಪಾಸಣೆಯ ಸೇವೆಯೊಂದಿದೆ. ಅದು ಸಂದೇಶ ಓದಿ, ಅಂಕವೊಂದನ್ನು ಸೇರಿಸಿ ಮುಂದೆ ಕಳಿಸುತ್ತದೆ. ಬಂದ ಸಂದೇಶದಿಂದ ಒಂದೊಂದೇ ಫೀಲ್ಡ್ ಎತ್ತಿ ಹೊಸ ಸಂದೇಶ ಕಟ್ಟಿದರೆ, ಅಥವಾ ನಡುವೆ ಜೇಸನ್ (ದತ್ತಾಂಶವನ್ನು ಪಠ್ಯವಾಗಿ ಬರೆಯುವ ರೂಪ) ಆಗಿ ಬದಲಿಸಿದರೆ, ಆ ಸೇವೆಗೆ ಗೊತ್ತಿಲ್ಲದ್ದೆಲ್ಲ ಅಲ್ಲೇ ಉದುರಿಹೋಗುತ್ತದೆ. ಬಂದದ್ದನ್ನೇ ತಿದ್ದಿ ಕಳಿಸುವಂತೆ ತಪಾಸಣೆ ತಂಡದವರು ತಮ್ಮ ಕೋಡನ್ನು ಬದಲಿಸಿಕೊಟ್ಟರು. ಅವರ ಸೇವೆಗೆ ಅದರಿಂದ ಹೊಸ ಸೌಲಭ್ಯವೇನೂ ಸಿಗಲಿಲ್ಲ. ಆದರೂ ಮಾಡಿದರು.

ಪರೀಕ್ಷಾ ದತ್ತಾಂಶಕ್ಕೆ ಕನ್ನಡದ ಹೆಸರುಗಳನ್ನು ತುಂಬಿದವರನ್ನು ಮರೆಯುವಂತಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. 'ಶ್ರೀ' ಎಂಬ ಒಂದೇ ಅಕ್ಷರದಲ್ಲಿ 4 ಸಂಕೇತ, ಒಟ್ಟು 12 ಬೈಟ್. ಹೆಸರನ್ನು 50 ಬೈಟ್‌ಗೆ ಕತ್ತರಿಸುವ ಕೋಡ್ ಇಂಗ್ಲಿಷ್ ಹೆಸರಿಗೆ ತೊಂದರೆ ಕೊಡುವುದಿಲ್ಲ. ಕನ್ನಡದ ಹೆಸರಾದರೆ ಸಂಕೇತದ ನಡುವೆಯೇ ಕತ್ತರಿ ಬೀಳಬಹುದು. ಆಗ ಅದು ಸರಿಯಾದ ಯುಟಿಎಫ್-8 ಅಲ್ಲ, ಪ್ರೋಟೋ 3ರ ಪಾರ್ಸರ್ (ಬೈಟ್‌ಗಳನ್ನು ಓದಿ ಬಿಡಿಸುವ ಭಾಗ) ಹೆಸರನ್ನಷ್ಟೇ ಅಲ್ಲ, ಇಡೀ ಸಂದೇಶವನ್ನೇ ತಿರಸ್ಕರಿಸಬಹುದು. ಉದ್ದದ ಮಿತಿಯನ್ನು ಬೈಟ್‌ನಲ್ಲಿ ಹೇಳದೆ ಅಕ್ಷರದ ಲೆಕ್ಕದಲ್ಲಿ ಹೇಳಿದ್ದು ಇವರ ಒತ್ತಾಯದಿಂದ.

ಫೀಲ್ಡ್ ಸಂಖ್ಯೆಗಳ ಪಟ್ಟಿ ಕಾಯ್ದವರಿಗೂ ವಂದನೆ. 1ರಿಂದ 15ರವರೆಗಿನ ಸಂಖ್ಯೆಗೆ ಟ್ಯಾಗ್ (ಫೀಲ್ಡಿನ ಮುಂದೆ ಬರೆಯುವ ಗುರುತು) ಒಂದೇ ಬೈಟ್, 16ರಿಂದ 2047ಕ್ಕೆ ಎರಡು. ಮತ್ತೆ ಮತ್ತೆ ಬರುವ ಫೀಲ್ಡ್‌ಗಳಿಗೆಂದು ಚಿಕ್ಕ ಸಂಖ್ಯೆಗಳಲ್ಲಿ ಕೆಲವನ್ನು ಉಳಿಸಿಟ್ಟರು. ತೆಗೆದ ಫೀಲ್ಡಿನ ಸಂಖ್ಯೆ ಮತ್ತು ಹೆಸರು ಎರಡನ್ನೂ 'ರಿಸರ್ವ್ಡ್' (ಮತ್ತೆ ಬಳಸಬಾರದ್ದು) ಎಂದು ಮಾಡಿಸದೆ ಯಾವ ಬದಲಾವಣೆಯನ್ನೂ ಒಳಗೆ ಬಿಡಲಿಲ್ಲ.

ಕೊನೆಯ ಹಂತದ ಭಾರ ಹೊತ್ತವರು ಸರ್ವರ್ ನಿರ್ವಹಣೆಯವರು. ಪ್ರತಿ ಬದಲಾವಣೆಗೂ ಕ್ರಮ ಒಂದೇ. ಹೊಸ ಫೀಲ್ಡನ್ನು ಓದಬಲ್ಲ ಕೋಡ್ ಎಲ್ಲ ಕಡೆ ಮೊದಲು ಹೋಗಬೇಕು. ಆಮೇಲೆ ಬರೆಯುವವರು ಹಳೆಯದು, ಹೊಸದು ಎರಡನ್ನೂ ತುಂಬಬೇಕು. ಓದುವವರೆಲ್ಲ ಹೊಸದಕ್ಕೆ ತಿರುಗಿದ್ದು ಲೆಕ್ಕದಲ್ಲಿ ಕಂಡ ಮೇಲೆಯೇ ಹಳೆಯದನ್ನು ನಿಲ್ಲಿಸುವುದು. ಆ ಲೆಕ್ಕಕ್ಕಾಗಿ ಕ್ಲೈಂಟ್‌ವಾರು, ಆವೃತ್ತಿವಾರು ಕೌಂಟರ್ ಇಟ್ಟು, ತಿಂಗಳ ಕೊನೆಗೆ ಒಮ್ಮೆ ಮಾತ್ರ ಎದ್ದು ಕರೆ ಮಾಡುವ ವರದಿ ಪ್ರೋಗ್ರಾಂಗಳನ್ನೂ ಹಿಡಿದವರು ಇವರೇ. ವಾರದ ಅಂಕಿಯನ್ನಷ್ಟೇ ನಂಬಿದ್ದರೆ ಅವು ಕಣ್ಣಿಗೆ ಬೀಳುತ್ತಿರಲಿಲ್ಲ.

ಒಂದನೇ ಆವೃತ್ತಿಯ ಸ್ಕೀಮಾ ಕಡತವನ್ನು ಅಳಿಸುತ್ತಿಲ್ಲ. ಸಂಗ್ರಹದಲ್ಲಿರುವ ಹಳೆಯ ದಾಖಲೆಗಳು ಆ ರೂಪದಲ್ಲೇ ಇವೆ. ಅವನ್ನು ಓದುವಾಗ ತೊಂದರೆ ಕಂಡವರು ದಾಖಲೆಯ ಕಚ್ಚಾ ಬೈಟ್‌ಗಳನ್ನೇ ಕಳಿಸಿಕೊಡಿ. ಜೇಸನ್ ಪ್ರತಿ ಸಾಲದು, ಗುರುತು ಸಿಗದ ಫೀಲ್ಡ್‌ಗಳು ಅದರಲ್ಲಿ ಇರುವುದಿಲ್ಲ.